ಕೊಳದ ತಳದಲ್ಲಿ ಒಂದು ಕುರ್ಚಿ

ಮಾರ್ಚ್ ೯, ಸೋಮವಾರ
ಕಚೇರಿ, ಊಟದ ಬಿಡುವು

ಮಹಾಮಹಿಮಳಾದ ಅಕ್ಕನ ಸನ್ನಿಧಾನಕ್ಕೆ, ತಮ್ಮನೆಂಬ ಪೀಡೆಯ ಸಾಷ್ಟಾಂಗ ಕ್ಷಮಾಪಣೆ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಸೋಮಾರಿತನ ಒಂದು ಕಾರಣ, ಅದು ನಿನಗೆ ಹಳೆಯದು. ಕೆಲಸ ಇನ್ನೊಂದು, ಅದನ್ನು ನೀನು ನಂಬುವುದಿಲ್ಲ. ನಿಜವಾದ ಕಾರಣ ಹೆದರಿಕೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀ.

ಮೊದಲು ಮನೆಯ ಸಮಾಚಾರ. ಅಪ್ಪ ಆರೋಗ್ಯವಾಗಿದ್ದಾರೆ. ಸೋರುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ತಾವೇ ರಿಪೇರಿ ಮಾಡಿದರು. ಈಗ ಅದು ಎರಡು ಕಡೆ ಸೋರುತ್ತದೆ.

ಇನ್ನು ವಿಷಯ. ನಮ್ಮ ಕಚೇರಿಗೆ ಮಕ್ಕಳ ಗ್ರಂಥಾಲಯ ಕಟ್ಟುವ ಕೆಲಸ ಬಂದಿದೆ. ಅಂತಿಂಥದ್ದಲ್ಲ, ಹಸಿರು ಕಟ್ಟಡ. ದೀಪಕ್ಕೆ ಬಿಸಿಲು, ನಲ್ಲಿಗೆ ಮಳೆ. ಕಟ್ಟಿಸುವವರು ಒಬ್ಬರು ದಾನಿಗಳು. ದಾನ ದೊಡ್ಡದು, ದೇಹ ಅದಕ್ಕಿಂತ ದೊಡ್ಡದು. ಜಾಗ ಆರಿಸುವುದಕ್ಕೆ ನಮ್ಮ ಮೇಡಂ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ನಕ್ಷೆ, ಮಣ್ಣಿನ ವರದಿ ಎಲ್ಲ ನೋಡಿಯಾದ ಮೇಲೆ ಅಲ್ಲಿ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕೂರಬೇಕು. "ಕಟ್ಟೋಕೆ ಮುಂಚೆ ಅಲ್ಲಿ ಆಗ್ಲೇ ಯಾರ್ಯಾರು ಬದುಕ್ತಿದ್ದಾರೆ ಅಂತ ನೋಡ್ಬೇಕು ಕಣಪ್ಪಾ" ಅನ್ನುತ್ತಾರೆ. ಆ ಕುರ್ಚಿ ಹೊರುವ ಮಹಾಪದವಿ ನನ್ನದು.

ಉಳಿದದ್ದು ಎರಡು ಜಾಗ. ಒಂದು, ಊರಾಚೆ ಕೆರೆ ಪಕ್ಕದ ಹುಲ್ಲುಗಾವಲು. ಇನ್ನೊಂದು, ಗಟ್ಟಿಯಾಗಿ ಕೂತುಕೋ, ಬಸ್ ನಿಲ್ದಾಣದ ಹಿಂದಿನ ಮುಚ್ಚಿದ ಈಜುಕೊಳ.

ಹೌದು, ಅಮ್ಮನ ಈಜುಕೊಳವೇ. ಅರ್ಧ ಊರಿನ ಮಕ್ಕಳಿಗೆ ಅವಳು ಈಜು ಕಲಿಸಿದ ಜಾಗ, ಅವಳು ಹೋದ ಮೇಲೆ ಕಲಿಸುವವರಿಲ್ಲದೆ ಬೀಗ ಬಿದ್ದ ಜಾಗ. "ಅದನ್ನ ಮಾತ್ರ ಯಾರಿಗೂ ಮುಟ್ಟೋಕೆ ಬಿಡ್ಬೇಡ ಕಣೋ" ಎಂದು ನೀನು ಕಿವಿ ಹಿಂಡಿ ಹೇಳಿದ್ದು ನನಗೂ ನೆನಪಿದೆ, ಕಿವಿಗೂ ನೆನಪಿದೆ.

ಆದ್ದರಿಂದ ದಾನಿಗಳು ಹುಲ್ಲುಗಾವಲನ್ನು ಮೆಚ್ಚಿದಾಗ ನಾನು ಒಳಗೊಳಗೇ ಕುಣಿದೆ.

"ಹಸಿರು ಕಟ್ಟಡ ಅಂದ್ಮೇಲೆ ಹಸಿರಲ್ಲೇ ಇರ್ಬೇಕಲ್ವಾ ಮೇಡಂ? ಫೋಟೋ ಎಷ್ಟು ಚೆನ್ನಾಗಿ ಬರುತ್ತೆ!" ಅಂದರು ಅವರು.

"ಒಂದ್ಸಲ ಕೂತು ನೋಡಿ ಸಾರ್" ಅಂದರು ಮೇಡಂ.

ನಾನು ತಲೆಬಾಗಿ, "ಸಿಂಹಾಸನ ಸಿದ್ಧವಾಗಿದೆ, ದಯಮಾಡಿಸಬೇಕು" ಎಂದೆ. ದಯಮಾಡಿಸಿದರು. ಬಾಗಿಲು ಎಲ್ಲಿ, ಮೆಟ್ಟಿಲು ಎಲ್ಲಿ ಎಂದು ಕೈಬೀಸಿ ವಿವರಿಸತೊಡಗಿದರು. ಕುರ್ಚಿಯ ಕಾಲುಗಳು ಸದ್ದಿಲ್ಲದೆ ನೆಲದೊಳಗೆ ಇಳಿಯತೊಡಗಿದವು. ಅವರು ವಿವರಿಸುತ್ತಲೇ ಇದ್ದರು, ಇಳಿಯುತ್ತಲೂ ಇದ್ದರು. ಎಚ್ಚರಿಸಬಹುದಿತ್ತು, ಆದರೆ ದೊಡ್ಡವರು ಮಾತಾಡುವಾಗ ಅಡ್ಡ ಬರಬಾರದೆಂದು ನೀನೇ ಅಲ್ಲವೇ ಕಲಿಸಿದ್ದು?

"ಏಯ್, ಹಿಡ್ಕೊಳ್ರೋ!" ಎಂದು ಕೂಗಿಕೊಂಡಾಗ ಬೂಟಿನೊಳಗೆ ನೀರಿತ್ತು. ಬೇಸಿಗೆಯಲ್ಲೇ ಈ ಪಾಡು. ಇಬ್ಬರೂ ಸೇರಿ ಎಳೆದೆವು. ದಾನಿಗಳು ಮೇಲೆ ಬಂದರು, ಕುರ್ಚಿ ಬರಲಿಲ್ಲ. ಆಗ ಒಂದು ಹಕ್ಕಿ, ಇಷ್ಟೇ ಇಷ್ಟು ಗಾತ್ರದ್ದು, ಅವರ ಕಾಲಿನ ಸುತ್ತ ಓಡುತ್ತ ಕಿರುಚಿಕೊಂಡಿತು. ಮೇಡಂ ಬೆರಳು ತೋರಿಸಿದರು. ಬೂಟಿನ ಪಕ್ಕದಲ್ಲೇ, ಬರೀ ನೆಲದ ಮೇಲೆ, ಚುಕ್ಕೆಚುಕ್ಕೆಯ ಮೊಟ್ಟೆಗಳು.

"ಅಯ್ಯೋ, ತುಳ್ದೇ ಬಿಡ್ತಿದ್ನಲ್ರೀ!" ದಾನಿಗಳ ದನಿ ಆ ಹಕ್ಕಿಯಷ್ಟೇ ಆಗಿಬಿಟ್ಟಿತು.

"ಊರಿನ ಮಳೆನೀರೆಲ್ಲ ಇಲ್ಲಿ ಬಂದು ಇಂಗುತ್ತೆ ಸಾರ್. ಇಲ್ಲಿ ಕಟ್ಟಿದ್ರೆ ಅದು ಕೆಳಗಿನ ಮನೆಗಳಿಗೆ ನುಗ್ಗುತ್ತೆ. ಬಸ್ಸೂ ಇಲ್ಲ, ಒಂದೊಂದು ಮಗೂನೂ ಕಾರಲ್ಲೇ ಬರ್ಬೇಕು. ಇಷ್ಟನ್ನೂ ಕೊಂದು, ಮೇಲೆ ಹಸಿರು ಕಟ್ಟಡ ಅಂತ ಬೋರ್ಡ್ ಹಾಕೋದಾ?" ಅಂದರು ಮೇಡಂ.

ದಾನಿಗಳು ಕಾರಿನವರೆಗೂ ತುದಿಗಾಲಿನಲ್ಲಿ, ನೆಲ ನೋಡಿಕೊಂಡು ನಡೆದರು. ಅಷ್ಟು ದೊಡ್ಡ ದೇಹ! ನನಗೆ ನಗು ಬರಬೇಕಿತ್ತು. ಬರಲಿಲ್ಲ ಕಣೇ.

ಮಾರನೆಯ ದಿನ ಕುರ್ಚಿಯನ್ನು ಕೆಸರಿನಿಂದ ಕಿತ್ತು ತಂದು, ಖಾಲಿ ಕೊಳದ ತಳದಲ್ಲಿ ಹಾಕಿಕೊಂಡು ನಾನೇ ಕೂತೆ. ಹೇಗಾದರೂ ಒಂದು ದೋಷ ಹುಡುಕಿ ನಿನ್ನ ಪಾದಕ್ಕೆ ಅರ್ಪಿಸೋಣವೆಂದು. ಸಿಗಲಿಲ್ಲ. ಆಗಲೇ ಸಿಮೆಂಟು ಕಂಡ ನೆಲ, ಹೊಸದಾಗಿ ಕೊಲ್ಲುವುದಕ್ಕೆ ಏನೂ ಇಲ್ಲ. ಚರಂಡಿ, ವಿದ್ಯುತ್ತು ಗೇಟಿಗೇ ಬಂದಿವೆ. ಶಾಲೆ ಬಿಟ್ಟು ಬಸ್ಸಿಗೆ ಹೋಗುವ ಮಕ್ಕಳು ಕಂಬಿಗಳ ನಡುವೆ ಮೂಗು ತೂರಿಸಿ, "ಅಂಕಲ್, ನೀರು ಯಾವಾಗ ಬಿಡ್ತೀರಾ?" ಎಂದು ಕೇಳಿದರು. ಅಂಕಲ್ಲಂತೆ! ನನ್ನನ್ನು!

ಸಂಜೆ ಮೇಡಂಗೆ ನಿಜವನ್ನೇ ಹೇಳಿದೆ: ಕಟ್ಟುವುದಾದರೆ ಇಲ್ಲೇ ಕಟ್ಟಬೇಕು. ದಾನಿಗಳೂ ಒಪ್ಪಿದರು. ಕೊಳವನ್ನು ಒಡೆಯುವುದಿಲ್ಲ ಅಕ್ಕ. ಮುಚ್ಚಿಗೆ ಹಾಕಿ ಮಳೆನೀರಿನ ತೊಟ್ಟಿ ಮಾಡುತ್ತಾರೆ, ಅದರ ಮೇಲೆ ಓದುವ ಕೋಣೆ. ಅಪ್ಪನಿಗೆ ಹೇಳಿದಾಗ ತಮ್ಮ ನಲ್ಲಿಯ ಕೆಳಗೆ ಬಕೆಟ್ ಸರಿಸಿಟ್ಟು, "ಮತ್ತೆ ನೀರು ತುಂಬುತ್ತಲ್ಲೋ, ಅಷ್ಟು ಸಾಕು" ಅಂದರು.

ಮುಂದಿನ ತಿಂಗಳು ಕೆಲಸ ಶುರು. ಬೈಯುವುದಿದ್ದರೆ ಎದುರಿಗೇ ಬಂದು ಬೈ, ಎರಡೂ ಕಿವಿ ತೊಳೆದಿಟ್ಟಿರುತ್ತೇನೆ. ಭಾವನಿಗೆ ನಮಸ್ಕಾರ, ಪುಟ್ಟಿಯ ಕೆನ್ನೆಗೊಂದು ಮುತ್ತು. ಚಿಕ್ಕವನಾದರೂ ನಿನ್ನನ್ನು ಆಶೀರ್ವದಿಸುತ್ತಿದ್ದೇನೆ: ನಿನ್ನ ಮನೆಯ ನಲ್ಲಿಗಳು ಎಂದೆಂದಿಗೂ ಅಪ್ಪನ ಕಣ್ಣಿಗೆ ಬೀಳದಿರಲಿ.

ನಿನ್ನ ಪಾಲಿಗೇ ಬಂದ,
ಪೀಡೆ

ಮೇಲೆ ಬರೆಯದೆ ಬಿಟ್ಟದ್ದು: ಕೊಳದ ತಳದಲ್ಲಿ ಕೂತಿದ್ದಾಗ ಒಂದು ಸಲ ಕೂಗಿ ನೋಡಿದೆ. ದನಿ ಗೋಡೆಗಳಿಗೆ ಬಡಿದು ವಾಪಸ್ಸು ಬಂತು, ನನ್ನದೇ ದನಿ. ಅಮ್ಮ ಅಂಚಿನಲ್ಲಿ ನಿಂತು "ಕಾಲು ಬಡಿ, ಕಾಲು ಬಡಿ!" ಅನ್ನುತ್ತಿದ್ದಳೆಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೆಯೇ ನಟಿಸಿ ತೋರಿಸಿ ನಗಿಸುತ್ತೇನೆ. ಅಕ್ಕಾ, ನನಗೆ ಅಮ್ಮನ ದನಿ ನೆನಪಿಲ್ಲ. ಅವಳು ಹೋದಾಗ ನಾನು ತೀರ ಚಿಕ್ಕವನು. ನಿನ್ನದು ಥೇಟ್ ಅವಳದೇ ದನಿ ಅನ್ನುತ್ತಾರೆ ಅಪ್ಪ. ಮುಚ್ಚಿಗೆ ಹಾಕುವ ಮುಂಚೆ ಒಮ್ಮೆ ಬಾ. ಅಂಚಿನಲ್ಲಿ ನಿಂತು ಕೂಗು. ನಾನು ಕೆಳಗೆ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿರುತ್ತೇನೆ.