ಲಾರಿಯ ಹಣೆಯ ಮೇಲಿನ ಹೆಸರು

ಬ್ಯಾಲಿನ್‌ಕೊಲಿಗ್
9 ಫೆಬ್ರವರಿ 2021

ಅಶ್ವಿನ್ ಅವರಿಗೆ, ನೀಲಾ ಬರೆಯುವುದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹ್ಞೂಂ ಅನ್ನುತ್ತೇನೆ. ಸ್ಯಾಂಡಿಫರ್ಡಿನ ನಿಮ್ಮ ಕಂಪನಿಗೆ ಹತ್ತು ವರ್ಷ ತುಂಬುತ್ತಿದೆ, ನಿಮ್ಮ ಏಳಿಗೆಯ ಕಥೆ ಬರೆದುಕೊಡು ಎಂದಿರಿ. "ಸಿಂಪಲ್ ಆಗಿರ್ಲಿ ಕಣೇ. ಒಂದು ಸೂಟ್‌ಕೇಸ್, ಒಬ್ಬ ಮನುಷ್ಯ, ಅಷ್ಟೇ. ಫ್ಯಾಮಿಲಿ ಎಲ್ಲಾ ಬೇಡ." ಗಂಡ ಹೆಂಡತಿ ನಾವು ಬೇರೆಯಾಗಿ ಎರಡು ವರ್ಷವಾದರೂ ಬರವಣಿಗೆಗೆ ನಾನೇ ಬೇಕಾದೆ.

ಈ ಚಳಿಗಾಲ ನಾನು ಇನ್ನೊಬ್ಬರ ಏಳಿಗೆಯ ಕಥೆಯನ್ನು ಪುಸ್ತಕವಾಗಿ ಬರೆದುಕೊಟ್ಟೆ. ಪಕ್ಕದ ಮನೆಯ ಡಾಕ್ಟರ್ ಒಬಿಯೋರ ನೈಜೀರಿಯಾದವರು. ಕೋವಿಡ್ ವಾರ್ಡಿನಿಂದ ಬಂದು, ಬೇಲಿಯಾಚೆ ನಿಂತು, ತಮ್ಮ ಅಜ್ಜ ಎಜೆಕ್ವೆಯ ಕಥೆ ಹೇಳುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ತಾಳೆಎಣ್ಣೆಯ ಡಬ್ಬ ಹೊತ್ತು ಮೈಲಿಗಟ್ಟಲೆ ನಡೆದವನು, ಸ್ವಾತಂತ್ರ್ಯ ಬರುವ ಹೊತ್ತಿಗೆ ನಲವತ್ತು ಲಾರಿಗಳ ಒಡೆಯ. ಬಿಳಿಯರ ಕಂಪನಿಯೇ ಅವನ ಲಾರಿಗೆ ಕಾಯುತ್ತಿತ್ತಂತೆ.

ಮೊದಲ ಲಾರಿ ಬಂದದ್ದು ಹೆಂಡತಿ ಎಬೆಲೆಯಿಂದ. ಒನಿಚಾ ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದವಳು ಅದರ ದುಡ್ಡಿಗಾಗಿ ಅಂಗಡಿಯನ್ನೇ ಮಾರಿದಳು. ಲಾರಿಯ ಹಣೆಯ ಮೇಲೆ ಒಡೆಯ ತನಗಿಷ್ಟವಾದ ಮಾತು ಬರೆಸುವುದು ಅಲ್ಲಿಯ ರೂಢಿ. ಎಜೆಕ್ವೆ ಬರೆಸಿದ್ದು 'ಎಬೆಲೆ'. ಲಾರಿಗಳು ಹತ್ತಾದಾಗ ಅದನ್ನು ಅಳಿಸಿ, ಎಲ್ಲದರ ಮೇಲೂ 'ನನ್ನ ಬಲಗೈ' ಎಂದು ಬರೆಸಿದ. ಆ ಜನರಲ್ಲಿ ಬಲಗೈ ಎಂದರೆ ಸ್ವಂತ ದುಡಿಮೆ. ಎಬೆಲೆ ಲಾರಿಗೆ ಒಂದು ಸುತ್ತು ಬಂದು, "ಎಡಗೈನ ಎಲ್ಲಿ ಬರೆಸಿದೀಯ, ಹಿಂದುಗಡೆನೂ ಇಲ್ವಲ್ಲ?" ಎಂದು ಕೇಳಿದಳಂತೆ.

ಹೇಳಿ ಒಬಿಯೋರ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮಾಸ್ಕ್ ಸರಿಮಾಡಿಕೊಂಡು, ಇದು ಪುಸ್ತಕಕ್ಕೆ ಬೇಡ, ಅಜ್ಜ ಸ್ವಂತ ಬಲದಿಂದ ಬೆಳೆದವರು ಎಂದರು.

ನೀವು ಒಳಕೋಣೆಯಲ್ಲಿ ಕಂಪನಿ ಕಟ್ಟುತ್ತಿದ್ದ ಆರು ವರ್ಷ ನಾನು ಲೆಪರ್ಡ್ಸ್‌ಟೌನಿನ ವೃದ್ಧಾಶ್ರಮದಲ್ಲಿ ಮುದುಕರ ಮೈ ಒರೆಸಿದೆ. ಎಂ.ಎ. ಓದಿದವಳು ಟ್ರಾಮಿನಲ್ಲಿ ಪದ್ಯ ಓದುತ್ತಾ ಹೋಗಿ, ಬೆಡ್‌ಪ್ಯಾನ್ ತೊಳೆದು ಬರುತ್ತಿದ್ದೆ. ನಿಮ್ಮ ಕಥೆಯ ಆ ಸೂಟ್‌ಕೇಸ್ ಕೂಡ ನನ್ನದೇ. ಗುರುತಿಗೆಂದು ಅಮ್ಮ ಹಿಡಿಗೆ ಕಟ್ಟಿದ್ದ ಕೆಂಪು ದಾರ ಇನ್ನೂ ಇರಬೇಕು, ನೋಡಿ.

ಮಗಳು ಮಾನ್ಯಾಳನ್ನು ಕೇಳಿದರೆ, "ಜಸ್ಟ್ ಸೇ ನೋ, ಅಮ್ಮಾ. ಯೂ'ಲ್ ಬಿ ಗ್ರ್ಯಾಂಡ್" ಎಂದಳು. ಈ ದೇಶದಲ್ಲೇ ಹುಟ್ಟಿದವಳು, ಬೇಡ ಅನ್ನುವುದು ಅವಳಿಗೆ ಸುಲಭ.

ನಿಮ್ಮ ಕಥೆ ನಾನು ಬರೆಯುವುದಿಲ್ಲ. ಒಬಿಯೋರ ಅವರಿಗೂ ಹೇಳಿದ್ದೇನೆ: ಎಬೆಲೆಯ ಹೆಸರು ಪುಸ್ತಕದಲ್ಲಿ ಇದ್ದೇ ಇರುತ್ತದೆ.

ಇಂತಿ,
ನೀಲಾ

ತಾ.ಕ.: ಕೊನೆಯ ಮಾತು ಸುಳ್ಳು. ಒಬಿಯೋರ ಒತ್ತಾಯವನ್ನೂ ಮಾಡಲಿಲ್ಲ. ಬೇಡ ಎಂದ ದಿನವೇ ಎಬೆಲೆಯನ್ನು ನಾನೇ ಅಳಿಸಿದೆ, ಕಿತ್ತ ಜಾಗ ಯಾರಿಗೂ ಕಾಣದಂತೆ ವಾಕ್ಯ ಹೊಂದಿಸಿದೆ. ಪುಸ್ತಕ ಅಚ್ಚಾಗಿದೆ. ಅಭ್ಯಾಸ, ಏನು ಮಾಡಲಿ. ನಿಮ್ಮದಕ್ಕೆ ಕೂತರೂ ಅಷ್ಟೇ ಚೆನ್ನಾಗಿ ನನ್ನನ್ನು ಅಳಿಸಿಬಿಡುತ್ತೇನೆ. ಬೇರೆ ಯಾರನ್ನಾದರೂ ನೋಡಿಕೊಳ್ಳಿ.