ಕೈಗೆ ಮರೆಯಾದ ಕೆಂಪು ದೀಪ

ನವೆಂಬರ್ ೧೬, ಭಾನುವಾರ. ಶಿಕಾರಿಪುರ, ಅಕ್ಕನ ಮನೆ.

ಇಂದು ಆನವಟ್ಟಿಗೆ, ಗುರುಪ್ರಕಾಶ್ ಅವರ ತಾಯಿಯ ಮನೆಗೆ ಹೋಗಿ ಬಂದೆ. ಹೋಗದಿದ್ದರೇ ಚೆನ್ನಾಗಿತ್ತೋ ಏನೋ.

ಗುರುಪ್ರಕಾಶ್ ಯುದ್ಧವಿಮಾನಗಳನ್ನು ಹಾರಿಸಿ ಪರೀಕ್ಷಿಸುತ್ತಿದ್ದ ಪೈಲಟ್. ಕಾಕ್‌ಪಿಟ್‌ನ ವಿನ್ಯಾಸ ಮಾಡುವವಳು ನಾನು. ಅದನ್ನು ಮೊದಲು ಸಿಮ್ಯುಲೇಟರ್‌ನಲ್ಲಿ ಕೂತು ನೋಡುತ್ತಿದ್ದವರು ಅವರು. ಪಕ್ಕದ ತಾಲ್ಲೂಕಿನವಳೆಂದು ನನ್ನೊಂದಿಗೆ ಸಲಿಗೆ. ಮಾರ್ಚ್‌ನಲ್ಲಿ ಒಂದು ದಿನ ಒಳಗಿನಿಂದಲೇ ಕೂಗಿದರು: "ಶರಣ್ಯಾ, ಎಡಗೈ ಮುಂದೆ ಚಾಚಿದ್ರೆ ಈ ಕೆಂಪು ದೀಪ ಕಾಣಲ್ಲ ಕಣ್ರೀ."

ಎಂಜಿನ್‌ಗೆ ಬೆಂಕಿ ಹತ್ತಿದರೆ ಹೊತ್ತಿಕೊಳ್ಳುವ ದೀಪ ಅದು. ಸಿಮ್ಯುಲೇಟರ್‌ನಲ್ಲಿ ಸಂಜೆಯೊಳಗೆ ಅದನ್ನು ಸರಿಸಿದೆವು. ಈಗಾಗಲೇ ಹಾರುತ್ತಿರುವ ವಿಮಾನದಲ್ಲಿ ನಿಧಾನವಾಗಿ ಬದಲಿಸಿದರೆ ಸಾಕು ಎಂದು ಬರೆದು ಸಹಿ ಹಾಕಿದವಳು ನಾನೇ. ಕಳೆದ ತಿಂಗಳು ಅದೇ ವಿಮಾನ ಬಿದ್ದು ಅವರು ತೀರಿಕೊಂಡರು. ಎಂಜಿನ್‌ಗೆ ಬೆಂಕಿ ಹತ್ತಿತ್ತಂತೆ. ದೀಪ ಅವರಿಗೆ ಕಂಡಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

ಅವರ ತಾಯಿ ಅಕ್ಕನಾಗಮ್ಮನವರಿಗೆ ಇದೆಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಸೆರಗಿನ ತುದಿಯನ್ನು ಮಡಚುತ್ತ, ಬಿಡಿಸುತ್ತ ಕೂತರು.

"ಅವ್ನು ಚಿಕ್ಕಂದಿನಿಂದ ಇದು ಸರಿಯಿಲ್ಲ, ಅದು ಬೇಕು ಅಂದೋನೇ ಅಲ್ಲ. ಜ್ವರ ಬಂದ್ರೂ ಹೇಳ್ತಿರ್ಲಿಲ್ಲ. ನಿನ್ ಹತ್ರ ಬಾಯಿಬಿಟ್ಟು ಹೇಳಿದ್ನಲ್ಲವ್ವಾ. ನೀನು ಕೇಳಿದ್ಯಾ?"

"ಬರ್ಕೊಂಡಿದ್ದೆ ಅಮ್ಮಾ" ಎಂದೆ.

ಆಮೇಲೆ ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಹಿಡಿದು ರೊಟ್ಟಿ ಬಡಿಸಿದರು. ನಾಚಿಕೆಯಿಲ್ಲದೆ ಉಂಡೆ.

ಬುಧವಾರ ಸಿಮ್ಯುಲೇಟರ್‌ಗೆ ಹೊಸ ಪೈಲಟ್ ಬರುತ್ತಾರೆ. ಅವರು ಏನಾದರೂ ಹೇಳಿದರೆ, ಹಾರುತ್ತಿರುವ ವಿಮಾನದಲ್ಲೂ ಅದು ಸರಿಯಾಗುವವರೆಗೆ ನಾನು ಸಹಿ ಹಾಕುವುದಿಲ್ಲ.