ಮುಳುಗಿದವರು ಎದ್ದು ಬರುವ ಆಟ

೨ ಸೆಪ್ಟೆಂಬರ್ ೨೦೦೩, ಮಂಗಳವಾರ

ಮಧ್ಯಾಹ್ನ ಮತ್ತೆ ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಯಿತು. ಕಾರ್ ರೇಸಿನ ಕೊನೆಯ ಸುತ್ತಿನಲ್ಲಿದ್ದೆ. ಹೋದದ್ದೇ ಒಳ್ಳೆಯದಾಯಿತು. ಆ ಆಟದಲ್ಲಿ ಗೋಡೆಗೆ ಗುದ್ದಿದರೆ ಕಾರು ಇನ್ನೂ ಜೋರಾಗಿ ಓಡುತ್ತದೆ. ಬ್ರೇಕು ಯಾಕೆ ಇಟ್ಟಿದ್ದಾನೋ ಮಾಡಿದವನಿಗೇ ಗೊತ್ತು.

ಇದನ್ನೇ ಬರೆದು ಕುಮಟೆಗೆ ಕಳಿಸಿದೆ, ಮಾಬ್ಲಣ್ಣನ ವಾರಪತ್ರಿಕೆಗೆ. ‘ಆಡಿ ನೋಡಿದೆ’ ಅಂಕಣ. ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಿ ಉಳಿದ ಹೊತ್ತಿನಲ್ಲಿ ಆಡುವವಳು ನಾನು, ಬರೆಯುವವಳೂ ನಾನೇ. ಹೆಸರು ಮಾತ್ರ ಇವರದ್ದು — ವಿನೋದ ಹರಿಕಂತ್ರ, ಹೊನ್ನಾವರ. ಶುರುವಿನಲ್ಲೇ ಮಾಬ್ಲಣ್ಣ ಅಂದಿದ್ದ, “ತಂಗಿ, ಹೆಂಗಸ್ರು ಗೇಮ್ ಆಡ್ತ್ರು ಅಂದ್ರೆ ಯಾರ್ ನಂಬ್ತ್ರು? ನಿನ್ ಗಂಡನ ಹೆಸ್ರು ಹಾಕ್ವ.” ಇವರನ್ನು ಕೇಳಿದೆ. ಬಲೆ ಸರಿಮಾಡುತ್ತಿದ್ದವರು ತಲೆಯೂ ಎತ್ತಲಿಲ್ಲ. “ಹಾಕು. ನಂದೆಂತ ಹೋತು” ಅಂದರು.

ಬೋಟಿನ ಡ್ರೈವರ್. ಮೌಸ್ ಮುಟ್ಟಿದವರಲ್ಲ. ಬೋಟು ನಿಲ್ಲುವ ಧಕ್ಕೆಯಲ್ಲಿ ಹುಡುಗರು ಬಂದು, ಅಂಕಣದಲ್ಲಿ ಒಂದು ಗನ್ನಿನ ಆಟಕ್ಕೆ ಬೈದದ್ದು ಸರಿಯಲ್ಲ ಅಂತ ಜಗಳ ತೆಗೆದರೆ, “ಹೋಗ್ರೋ, ನಿಮ್ಗೆ ಎಂತ ಗುತ್ತು” ಅಂತ ಗತ್ತಿನಲ್ಲಿ ಓಡಿಸುತ್ತಾರಂತೆ. ಆಮೇಲೆ ಮನೆಗೆ ಬಂದು ನನ್ನನ್ನು ಕೇಳುತ್ತಾರೆ — “ಅದೆಂತದೇ ಗನ್ನಿನ ಆಟ?”

೫ ಸೆಪ್ಟೆಂಬರ್

ಹೊಸ ಸಿಡಿ. ‘ನಮ್ಮ ಬಂದರು’. ನಮ್ಮ ಕಡೆಯವನೇ ಮಾಡಿದ್ದು. ಕರ್ಕಿಯ ವೆಂಕಟ ಅಂತೆ, ಭಟ್ಕಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ. ಹೊದಿಕೆಯ ಮೇಲೆ ಕನ್ನಡ ಅಕ್ಷರ ನೋಡಿಯೇ ಖುಷಿಯಾಯಿತು. ಖುಷಿ ಅಲ್ಲಿಗೇ ಮುಗಿಯಿತು.

ಬೋಟು ಬಂಡೆಯೊಳಗೆ ನುಗ್ಗಿ ಆಚೆ ಬರುತ್ತದೆ. ಬಂಗಡೆ ಯಾವಾಗಲೂ ಒಂದೇ ಜಾಗದಲ್ಲಿ ಕಾಯುತ್ತಾ ಕೂತಿರುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ. ಗಾಳಿ ಬಂದಾಗ ಸ್ಪೇಸ್ ಕೀ ಒತ್ತುತ್ತಾ ಇದ್ದರೆ ಬೋಟು ಉಳಿಯುತ್ತದೆ, ಬಿಟ್ಟರೆ ಮುಳುಗುತ್ತದೆ. ಮುಳುಗಿದರೂ ನಷ್ಟವಿಲ್ಲ. ನಾಲ್ಕೂ ಜನ ಒಣ ಬಟ್ಟೆಯಲ್ಲಿ ದಡದ ಮೇಲೆ ನಿಂತು ನಗುತ್ತಾರೆ. ಪಾಯಿಂಟೂ ಹೋಗುವುದಿಲ್ಲ.

ಕ್ಲಾಸಿನ ಹುಡುಗರಲ್ಲಿ ಎರಡು ಪಾರ್ಟಿ ಆಗಿದೆ. ನಮ್ಮ ಸೇತುವೆ ಇದೆ, ನಮ್ಮ ಧಕ್ಕೆ ಇದೆ ಅಂತ ಒಂದು ಪಾರ್ಟಿ. ದುಡ್ಡು ದಂಡ ಅಂತ ಇನ್ನೊಂದು. ನಾನು ಎರಡನೆಯದು.

೮ ಸೆಪ್ಟೆಂಬರ್

ಪೂರ್ತಿ ಆಡಿ ಮುಗಿಸಿ ಬರೆದೆ. ಕೊನೆಯ ಸಾಲು ನನಗೇ ಇಷ್ಟವಾಯಿತು: ‘ಮುಳುಗಿದವರು ಎದ್ದು ಬಂದು ನಗುವ ಈ ಆಟ ಮಾಡಿದವನು, ಸಮುದ್ರಕ್ಕೆ ಹೋದವರ ಮನೆಯಲ್ಲಿ ಒಂದು ದಿನವೂ ಇದ್ದವನಲ್ಲ.’ ಮಾಬ್ಲಣ್ಣ ಫೋನ್ ಮಾಡಿ ನಕ್ಕ. ಖಾರ ಜಾಸ್ತಿ ಆಯಿತೇ ಅಂದೆ. “ಇರ್ಲಿ, ಪೇಪರ್ ಖರ್ಚಾಗ್ತದೆ” ಅಂದ.

೧೨ ಸೆಪ್ಟೆಂಬರ್

ನಸುಕಿನಲ್ಲಿ ಇವರು ಬೋಟು ಹತ್ತಿದರು. ಒಂದು ವಾರದ ಮೀನುಗಾರಿಕೆ. ನಿನ್ನೆ ಪತ್ರಿಕೆ ಬಂದಿತ್ತು. ತಮ್ಮ ಹೆಸರು ಬಂದ ಪುಟ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಬೋಟಿನಲ್ಲಿ ಯಾರಿಂದಲಾದರೂ ಓದಿಸಿ ಕೇಳುತ್ತಾರಂತೆ.

೧೩ ಸೆಪ್ಟೆಂಬರ್

ಹೆದರಿಕೆಯಾಗಿದೆ. ಬರೆದರೆ ಸರಿಹೋಗಬಹುದು.

ಪಕ್ಕದ ಮನೆಯ ಕಾಳಕ್ಕ ಮೀನು ಮಾರಿ ಬಂದವಳು ಬುಟ್ಟಿ ಇಳಿಸದೆ ಬಾಗಿಲಲ್ಲೇ ನಿಂತಳು. “ರೇಖಾ, ನಿನ್ ಗಂಡ ಕರ್ಕಿ ಬೆಳ್ಳಿಗೆ ಎಂತ ಮಾಡಿದ್ನೇ? ಜಟಕನ ಕಟ್ಟೆ ಮೇಲೆ ಅವನ ಹೆಸ್ರ್ ಹೇಳಿ ಕಾಯಿ ಇಟ್ಟಿದ್ಲು.”

ಬೆಳ್ಳಿ ವೆಂಕಟನ ತಾಯಿ. ಗಂಡ ಸಮುದ್ರಕ್ಕೆ ಹೋದವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ವೆಂಕಟ ಆಗ ಸಣ್ಣವನಂತೆ. ಯಾರೋ ಪತ್ರಿಕೆ ಓದಿ ಹೇಳಿದ್ದಾರೆ. ಅವಳು ಸೀದಾ ಕಟ್ಟೆಗೆ ಹೋಗಿದ್ದಾಳೆ. “ನನ್ ಗಂಡ ಮುಳುಗಿದ್ದನ್ನ ನೆಗ್ಯಾಡಿದ ವಿನೋದನ ಲೆಕ್ಕ ಸಮುದ್ರದಲ್ಲೇ ಆಗ್ಲಿ” ಅಂದಳಂತೆ. ನಾಲ್ಕು ಜನ ಕೇಳಿದ್ದಾರೆ.

ಸಮುದ್ರಕ್ಕೆ ಹೋದವರ ಮನೆಯಲ್ಲಿ ಇದ್ದವನಲ್ಲ ಅಂತ ನಾನು ಯಾರಿಗೆ ಬರೆದೆ, ದೇವರೇ.

ನಮ್ಮ ಕಡೆಯ ದೈವ ಜಟಕನ ಎದುರು ಶಾಪ ಹಾಕಿ ಕಾಯಿ ಇಟ್ಟರೆ ಇಟ್ಟಂತೆ. ಯಾರ ಹೆಸರು ಹೇಳಿದ್ದಾರೋ ಅವನೇ ಬಂದು, ಇಟ್ಟವರ ಎದುರು ತಪ್ಪು ಒಪ್ಪಿ, ಕೈಯಾರೆ ಎತ್ತಿ ಕೊಡಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ. ಇವರಿಗೆ ಏನೂ ಗೊತ್ತಿಲ್ಲ. ದಡ ಕಾಣದಷ್ಟು ದೂರ ಹೋಗಿದ್ದಾರೆ. ಬೋಟಿನ ವಯರ್‌ಲೆಸ್ ಮಳೆಗಾಲಕ್ಕೆ ಮೊದಲೇ ಕೆಟ್ಟಿದೆ.

ನಾನು ಡಿಪ್ಲೊಮಾ ಮಾಡಿದವಳು. ಇದನ್ನೆಲ್ಲ ನಂಬುವುದಿಲ್ಲ ಅಂತ ಹಾಸ್ಟೆಲಿನಲ್ಲಿ ದೊಡ್ಡ ಭಾಷಣ ಮಾಡಿದ್ದೆ. ಆಗ ನನ್ನವರು ಯಾರೂ ನೀರಿನ ಮೇಲೆ ಇರಲಿಲ್ಲ.

೧೪ ಸೆಪ್ಟೆಂಬರ್, ಭಾನುವಾರ

ಅತ್ತೆಗೆ ಸುದ್ದಿ ಮುಟ್ಟಿದೆ. ಗಂಜಿ ಬಡಿಸಿದೆ, ಮುಟ್ಟಲಿಲ್ಲ. “ನನ್ ಮಗ ಕಲ್ತದ್ದು ನಾಲ್ಕನೇ ಇಯತ್ತಿ. ಅವ ಯಾವಾಗ ಪೇಪರಿಗೆ ಬರ್ದ?” ಅಂದರು. ನನ್ನ ಮುಖ ನೋಡಿದರು. ಅವರಿಗೆ ತಿಳಿದುಹೋಯಿತು. ಬೈದಿದ್ದರೆ ಬೇಕಿತ್ತು. ತಟ್ಟೆ ತೆಗೆದಿಟ್ಟು ಮುಸುಕು ಹಾಕಿ ಮಲಗಿದರು.

ಎಸ್‌ಟಿಡಿ ಬೂತಿನಿಂದ ವೆಂಕಟನಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿದ್ದ. ಬರೆದದ್ದು ನಾನು, ನಿನ್ನ ತಾಯಿಗೆ ಹೇಳು ಅಂದೆ.

“ಬಂಡೆದು ಪ್ರೋಗ್ರಾಮಿನ ಬಗ್ಗು, ತಪ್ಪು ಹೌದು ಅಕ್ಕ. ನಂಗೆ ಸರಿ ಮಾಡೂಕೆ ಬರ್ಲಿಲ್ಲ. ಬಂಗಡೆದೂ ಹೌದು. ಆದ್ರೆ ಜನ ಎದ್ದು ಬರೂದು ಬಗ್ಗಲ್ಲ. ಅದು ನಾನೇ ಹಾಂಗೆ ಮಾಡಿದ್ದು.”

ಫೋನ್ ಇಟ್ಟೆ. ಬೂತಿನ ಗಾಜಿನೊಳಗೆ ನಿಂತು ಅತ್ತುಬಿಟ್ಟೆ. ಹೊರಗೆ ಕಾಯುತ್ತಿದ್ದವನು ಬಾಗಿಲು ತಟ್ಟಿದ.

೧೫ ಸೆಪ್ಟೆಂಬರ್

ಕರ್ಕಿಗೆ ಹೋದೆ. ಟೆಂಪೋ ಇಳಿದು ಬೆಳ್ಳಿಯ ಮನೆ ಹುಡುಕಿದೆ. ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಗಟ್ಟಿ ಹೆಂಗಸು. ನಾನು ಯಾರು ಅಂತ ಹೇಳಿದ ಮೇಲೂ ಕೈ ನಿಲ್ಲಿಸಲಿಲ್ಲ.

“ಬರೆದವಳು ನಾನು, ಬೆಳ್ಳಕ್ಕ. ಎಂತ ಬರ್ದೆ ಅಂತ ಅವ್ರಿಗೆ ಗೊತ್ತಿರ್ಲೇ ಇಲ್ಲ. ನನ್ ಹೆಸ್ರಿಗೆ ಬೇರೆ ಕಾಯಿ ಇಡು. ಅವ್ರದ್ದು ತೆಗಿ.”

“ಪೇಪರಲ್ಲಿ ಯಾರ್ ಹೆಸ್ರ್ ಇತ್ತು?”

“ಅವ್ರದ್ದು.”

“ನಾನೂ ಅದೇ ಹೆಸ್ರ್ ಹೇಳಿದ್ದೆ. ಹೇಳಿ ಆತು. ಈಗ ಅವನೇ ಬಂದು ಎತ್ತೂಕಾಗ್ಬೇಕು.”

“ಅವ್ರು ಬರೂದ್ರೊಳಗೆ ಏನಾದ್ರೂ ಆದ್ರೆ?”

ಬೆಳ್ಳಿ ಮೀನಿಗೆ ಬಂದ ಕಾಗೆ ಓಡಿಸಿದಳು. ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿ ಕೇಳಿದಳು, “ಖರೆ ಹೇಳು. ನನ್ ಮಗ ಮಾಡಿದ್ದು ಅಷ್ಟು ಕೆಟ್ಟ ಆಟವಾ?”

ಇಲ್ಲ, ಚೆನ್ನಾಗಿದೆ ಅಂದರೆ ಮುಗಿಯುತ್ತಿತ್ತೋ ಏನೋ. ಬಾಯಿಯ ತನಕ ಬಂದಿತ್ತು. ಜಟಕನ ಕಟ್ಟೆಗೆ ಕಾಯಿ ಇಟ್ಟವಳ ಎದುರು ಸುಳ್ಳು ಹೇಳಲು ಧೈರ್ಯ ಬರಲಿಲ್ಲ. “ಕೆಟ್ಟದೇ, ಬೆಳ್ಳಕ್ಕ” ಅಂದೆ.

ಅವಳು ಬೈಯಲಿಲ್ಲ. “ನಂಗೆ ಅವ ತೋರ್ಸ್ಲೇ ಇಲ್ಲ. ನಿಂಗೆ ಎಂತ ತಿಳೀತದೆ ಅಂದ. ನೀ ತೋರ್ಸ್ತ್ಯಾ?” ಅಂದಳು.

೧೬ ಸೆಪ್ಟೆಂಬರ್

ಗಾಳಿ ಶುರುವಾಗಿದೆ. ಬೆಳಿಗ್ಗೆ ರೇಡಿಯೊದಲ್ಲಿ ಮೀನುಗಾರರಿಗೆ ಎಚ್ಚರಿಕೆ. ಹತ್ತಿರ ಇದ್ದ ಬೋಟುಗಳೆಲ್ಲ ಒಳಗೆ ಬಂದವು. ಇವರದ್ದು ಬರಲಿಲ್ಲ. ಕೇಳಿದರೆ ಎಲ್ಲರದ್ದೂ ಒಂದೇ ಮಾತು, “ಬರ್ತ್ರು ಬಿಡು, ದೂರ ಹೋಗಿದ್ರು.” ಹೇಳುವಾಗ ನನ್ನ ಮುಖ ನೋಡುವುದಿಲ್ಲ. ಕಾಯಿಯ ಸುದ್ದಿ ಧಕ್ಕೆಯ ತುಂಬ ಇದೆ. ಇವರ ಬೋಟಿನಲ್ಲಿ ಇರುವ ಬೇರೆಯವರ ಹೆಂಡಂದಿರು ಇದ್ದಾರೆ, ಅವರಿಗೂ ಗೊತ್ತು. ಒಬ್ಬಳು ನಾನು ಹತ್ತಿರ ಹೋದಾಗ ಎದ್ದು ಹೋದಳು.

ಮಾಬ್ಲಣ್ಣನ ಫೋನ್. “ಕ್ಷಮೆ ಕೇಳಿದೆ ಅಂತ ಎರಡು ಸಾಲು ಹಾಕ್ವನಾ?” ಹಾಕು, ಆದರೆ ನನ್ನ ಹೆಸರಿನಲ್ಲಿ ಅಂದೆ. ಬಂಡೆಯ ಮಾತು, ಬಂಗಡೆಯ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವು ಇದ್ದದ್ದೇ. ಮುಳುಗಿದವರ ಮಾತು, ಆ ಮನೆಯ ಮಾತು, ಅವೆರಡೂ ತಪ್ಪು. “ಈಗ್ಲೂ ಚೌಕಾಶಿ ಮಾಡ್ತೆ ಅಲ್ದನೇ” ಅಂದ.

ಹೌದು. ಹೆದರಿಕೆಯಲ್ಲೂ ಮಾಡುತ್ತೇನೆ. ಇಲ್ಲವಾದರೆ ಬರೆದದ್ದಕ್ಕೆ ಅರ್ಥ ಏನು.

೧೭ ಸೆಪ್ಟೆಂಬರ್

ಬೆಳ್ಳಿ ಕಂಪ್ಯೂಟರ್ ಕ್ಲಾಸಿಗೆ ಬಂದಿದ್ದಳು. ಮೀನಿನ ಬುಟ್ಟಿ ಮೆಟ್ಟಿಲಿನ ಮೇಲಿಟ್ಟು, ಕಾಲು ಒರೆಸಿ, ಒಳಗೆ ಬಂದಳು. ಗಾಳಿಗೆ ಹುಡುಗರು ಯಾರೂ ಬಂದಿರಲಿಲ್ಲ. ಶಟರ್ ದಡದಡ ಬಡಿದುಕೊಳ್ಳುತ್ತಿತ್ತು. ಕುರ್ಚಿ ಕೊಟ್ಟೆ. ತುದಿಯಲ್ಲಿ ಕೂತಳು.

ಆಟ ಹಾಕಿದೆ. ಸೇತುವೆ ಕಂಡಾಗ “ಓ, ನಮ್ದೇ” ಅಂದಳು. ಬೋಟಿನಲ್ಲಿ ನಾಲ್ಕು ಜನ. ಒಬ್ಬನ ತಲೆಗೆ ಕೆಂಪು ವಸ್ತ್ರ, ಗಂಟು ಎಡಕ್ಕೆ. ನಾನು ಅಷ್ಟು ಸಲ ಆಡಿದ್ದೆ, ಇವನನ್ನು ನೋಡಿಯೇ ಇರಲಿಲ್ಲ. ಬೆಳ್ಳಿ ಮುಂದಕ್ಕೆ ಬಾಗಿದಳು. “ವೆಂಕಟನ ಅಪ್ಪ ಹಾಂಗೇ ಕಟ್ತಿದ್ರು” ಅಂದಳು.

ಗಾಳಿ ಬಂತು, ಆಟದಲ್ಲಿ. ನಾನು ಸ್ಪೇಸ್ ಕೀ ಒತ್ತುತ್ತಾ ಇದ್ದೆ.

“ಮುಳುಗೂದು ತೋರ್ಸು.”

“ಬೇಡ ಬೆಳ್ಳಕ್ಕ.”

“ಅದ್ನೇ ಅಲ್ದಾ ನೀ ಬರ್ದದ್ದು. ತೋರ್ಸು.”

ಮುಳುಗಿಸಲು ಏನೂ ಮಾಡಬೇಕಾಗಿಲ್ಲ. ಕೀ ಬಿಟ್ಟು ಕೂರಬೇಕು, ಅಷ್ಟೇ. ಹೊರಗೆ ಇಂಥ ಗಾಳಿ, ಇವರು ಎಲ್ಲಿದ್ದಾರೋ, ನಾನಿಲ್ಲಿ ಕೈ ಎತ್ತಿ ಕೂತು ಬೋಟು ಮುಳುಗುವುದನ್ನು ನೋಡಬೇಕು. ಬೆರಳು ತೆಗೆದೆ. ಬೋಟು ಒಂದು ಕಡೆಗೆ ವಾಲಿ ಒಳಗೆ ಹೋಯಿತು. ಪರದೆ ನೀಲಿ. ಆಮೇಲೆ ದಡ. ನಾಲ್ಕು ಜನ, ಒಣ ಬಟ್ಟೆ. ಕೆಂಪು ವಸ್ತ್ರದವನು ಕೈ ಬೀಸುತ್ತಾನೆ.

ಬೆಳ್ಳಿ ಸೆರಗಿನಿಂದ ಮೂಗು ಒರೆಸಿದಳು.

“ಇನ್ನೊಂದ್ಸಲ ಮುಳುಗ್ಸು.”

ಮುಳುಗಿಸಿದೆ. ಮತ್ತೆ ಅಂದಳು. ಮತ್ತೆ ಮುಳುಗಿಸಿದೆ. ಪ್ರತಿ ಸಲ ಬೋಟು ಒಳಗೆ ಹೋಗುವಾಗ ನಾನು ಹೊರಗಿನ ಗಾಳಿಗೆ ಕಿವಿ ಕೊಡುತ್ತಿದ್ದೆ. ಪ್ರತಿ ಸಲ ಅವರು ಎದ್ದು ಬಂದಾಗ ಅವಳು ಉಸಿರು ಬಿಡುತ್ತಿದ್ದಳು. ಎಷ್ಟು ಹೊತ್ತು ಹೀಗೆ ಕೂತೆವೋ. ಬುಟ್ಟಿಯ ಮೀನಿಗೆ ಬೆಕ್ಕು ಬಂದರೂ ಅವಳು ಏಳಲಿಲ್ಲ.

ಕೊನೆಗೆ ಅಂದಳು, “ನೀ ಬರ್ದದ್ದು ಖರೆ. ಹಿಂಗೆ ಯಾರೂ ಬರೂದಿಲ್ಲ.” ಆಮೇಲೆ, “ಇದ್ನ ಮೊದ್ಲು ನೋಡಿದ್ರೆ ನಾ ಕಾಯಿ ಇಡ್ತಿರ್ಲಿಲ್ಲ ಹೆಣ್ಣೆ. ಮಗ ನಂಗೆ ಒಂದ್ ಮಾತ್ ಹೇಳ್ಲಿಲ್ಲ.”

“ಈಗ ತೆಗಿ ಹಾಂಗಾರೆ.”

“ನಾ ಮುಟ್ಟೂಕಾಗೂದಿಲ್ಲ. ಅವನೇ ಬರ್ಬೇಕು.” ಬಾಗಿಲ ತನಕ ಹೋಗಿ ನಿಂತಳು. “ಅವ ಬರ್ತ” ಅಂದಳು. ಅವಳ ಮುಖದಲ್ಲಿ ನನ್ನದೇ ಹೆದರಿಕೆ ಕಂಡಿತು. ಅದನ್ನು ಕಂಡು ನನಗೆ ಇನ್ನೂ ಹೆದರಿಕೆಯಾಯಿತು.

೧೮ ಸೆಪ್ಟೆಂಬರ್

ಸುದ್ದಿ ಇಲ್ಲ.

೧೯ ಸೆಪ್ಟೆಂಬರ್, ಬೆಳಿಗ್ಗೆ

ಧಕ್ಕೆಯಲ್ಲೇ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಕೂರಲು ಆಗಲಿಲ್ಲ. ಅತ್ತೆ ಬಂದಿದ್ದಾರೆ. ಬೆಳ್ಳಿಯೂ ಬಂದಿದ್ದಾಳೆ, ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಾಳೆ. ಅತ್ತೆ ಅವಳ ಜೊತೆ ಮಾತಾಡಲಿಲ್ಲ. ಎಲೆ ಅಡಿಕೆ ಮಾತ್ರ ಮುಂದೆ ತಳ್ಳಿದರು. ಅವಳು ತೆಗೆದುಕೊಂಡಳು.

ಗಾಳಿ ಇಳಿದಿದೆ. ನೀರು ಇನ್ನೂ ಕೆಂಪಗಿದೆ. ಏನಾದರೂ ಆಗಿದ್ದರೆ ನಾನು ಇನ್ನು ಒಂದು ಅಕ್ಷರ ಬರೆಯುವುದಿಲ್ಲ. ಆಗದಿದ್ದರೂ ಇವರ ಹೆಸರಿನಲ್ಲಿ ಬರೆಯುವುದಿಲ್ಲ.

“ಎಂತ ಬರೀತೆ?” ಅಂತ ಬೆಳ್ಳಿ ಕೇಳಿದಳು. ಹೆದರಿಕೆ ಆಗ್ತದೆ ಅಂತ ಬರೀತೆ ಅಂದೆ. “ನಂಗೂ ಬರಿ” ಅಂದಳು.

ಒಂದು ಬೋಟು ಬರುತ್ತಿದೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಕಾಣುತ್ತದೆ, ಅಲೆಯ ಹಿಂದೆ ಇಳಿಯುತ್ತದೆ. ಬಣ್ಣ ತಿಳಿಯುತ್ತಿಲ್ಲ. ನನ್ನ ಕಣ್ಣು ಸ್ಕ್ರೀನ್ ನೋಡಿ ಹಾಳಾಗಿದೆ. ಬೆಳ್ಳಿ ಎದ್ದಳು. ಹಣೆಗೆ ಕೈ ಅಡ್ಡ ಹಿಡಿದಿದ್ದಾಳೆ. ಅತ್ತೆಯೂ ಎದ್ದರು. ನಾನು ಬರೆಯುತ್ತಲೇ ಇದ್ದೇನೆ.

ಬೆಳ್ಳಿ ಧಕ್ಕೆಯ ಪಕ್ಕದ ದಡದಿಂದ ನೀರಿಗೆ ಇಳಿದಿದ್ದಾಳೆ, ಮೊಣಕಾಲಿನ ತನಕ. ಕೂಗುತ್ತಿದ್ದಾಳೆ. ಕಟ್ಟೆಯ ಮೇಲೆ ಹೇಳಿದ ಅದೇ ಹೆಸರು. “ವಿನೋದಾ, ಮನಿಗೆ ಹೋಗ್ಬೇಡ. ಮೊದ್ಲು ಜಟಕನ ಕಟ್ಟೆಗೆ ಬಾ.”

ಬೋಟಿನ ಮೇಲೆ ನಿಂತವರು ಇವರೇ. ಏನೂ ತಿಳಿಯದೆ ಅವಳಿಗೆ ನಗುತ್ತಾ ಕೈ ಬೀಸುತ್ತಿದ್ದಾರೆ. ಯಾವ ತಪ್ಪು ಒಪ್ಪಬೇಕು ಅಂತ ನಾನೇ ಮೊದಲು ಹೋಗಿ ಇವರಿಗೆ ಹೇಳಬೇಕು.